ಕರ್ನಾಟಕದಲ್ಲಿ ವಿಂಟೇಜ್ ಕಾರುಗಳ ಸಂರಕ್ಷಣೆ

ವಿಂಟೇಜ್ ಕಾರು ಎಂಬುದು ಮೋಟಾರು ವಾಹನ ಚರಿತ್ರೆಯ ಆರಂಭಿಕ ದಶಕಗಳಲ್ಲಿ ತಯಾರಾಗಿ, ಇಂದಿಗೂ ಮೂಲ ಸ್ವರೂಪದಲ್ಲಿ ಉಳಿದಿರುವ ಹಳೆಯ ಕಾರುಗಳಿಗೆ ಬಳಕೆಯಲ್ಲಿರುವ ಹೆಸರು. ಇಂತಹ ಕಾರುಗಳನ್ನು ಸಂಗ್ರಹಿಸುವುದು, ದುರಸ್ತಿಗೊಳಿಸುವುದು, ಚಾಲನೆಯ ಸ್ಥಿತಿಯಲ್ಲಿ ಇರಿಸಿಕೊಳ್ಳುವುದು ಹಾಗೂ ಅವುಗಳ ಚರಿತ್ರೆಯನ್ನು ದಾಖಲಿಸುವುದು ಜಗತ್ತಿನ ಅನೇಕ ದೇಶಗಳಲ್ಲಿ ಬೆಳೆದಿರುವ ಹವ್ಯಾಸವಾಗಿದೆ. ಕರ್ನಾಟಕದಲ್ಲಿ ಈ ಹವ್ಯಾಸದ ಮುಖ್ಯ ಕೇಂದ್ರಗಳು ಬೆಂಗಳೂರು, ಮೈಸೂರು ಮತ್ತು ಧರ್ಮಸ್ಥಳ. ಆದರೆ ಹಳೆಯ ವಾಹನಗಳ ಉಳಿವಿಗೆ ಬೇಕಾದ ಲೇತ್ ಕೆಲಸ, ಎರಕದ ಕೆಲಸ ಹಾಗೂ ತಗಡಿನ ಕೆಲಸಗಳ ಪರಂಪರೆ ಹರಿಹರ, ದಾವಣಗೆರೆಗಳಂತಹ ಕೈಗಾರಿಕಾ ಪಟ್ಟಣಗಳಲ್ಲಿಯೂ ಬೆಳೆದು ಬಂದಿದೆ. ಹಳೆಯ ಕಾರೊಂದು ಉಳಿಯುವುದು ಅದರ ಒಡೆಯನ ಹಣದಿಂದ ಮಾತ್ರವಲ್ಲ; ಅದನ್ನು ಅರಿತ ಕುಶಲಕರ್ಮಿಯ ಕೈಯಿಂದ ಎಂಬುದು ಈ ಕ್ಷೇತ್ರದ ಮೂಲಭೂತ ಸಂಗತಿ.

ಹೆಸರು ಮತ್ತು ವರ್ಗೀಕರಣ

‘ವಿಂಟೇಜ್’ ಎಂಬ ಪದವು ಮೂಲತಃ ದ್ರಾಕ್ಷಿಯ ಸುಗ್ಗಿಗೆ ಹಾಗೂ ಆಯಾ ವರ್ಷದ ಸುಗ್ಗಿಯಿಂದ ತಯಾರಾದ ದ್ರಾಕ್ಷಾರಸಕ್ಕೆ ಸಂಬಂಧಿಸಿದ್ದು. ಅನಂತರ ಒಂದು ನಿರ್ದಿಷ್ಟ ಕಾಲದ ಉತ್ತಮ ವಸ್ತು ಎಂಬ ಅರ್ಥವನ್ನು ಪಡೆದುಕೊಂಡಿತು. ಜನಸಾಮಾನ್ಯರ ಮಾತಿನಲ್ಲಿ ಹಳೆಯ ಕಾರುಗಳೆಲ್ಲವೂ ವಿಂಟೇಜ್ ಕಾರುಗಳೇ ಆದರೂ, ಹವ್ಯಾಸಿಗಳು ತಯಾರಿಕೆಯ ಕಾಲವನ್ನು ಅನುಸರಿಸಿ ಅವುಗಳನ್ನು ಹೀಗೆ ವಿಂಗಡಿಸುತ್ತಾರೆ:

- ವೆಟರನ್: 1904ರ ಅಂತ್ಯದವರೆಗೆ ತಯಾರಾದವು
- ಎಡ್ವರ್ಡಿಯನ್: 1905ರಿಂದ 1918ರವರೆಗಿನವು
- ವಿಂಟೇಜ್: 1919ರಿಂದ 1930ರವರೆಗಿನವು
- ವಿಂಟೇಜೋತ್ತರ: 1931ರಿಂದ ಎರಡನೆಯ ಮಹಾಯುದ್ಧದ ಅಂತ್ಯದವರೆಗಿನವು
- ಕ್ಲಾಸಿಕ್: ಯುದ್ಧಾನಂತರದ ಕೆಲವು ದಶಕಗಳಲ್ಲಿ ತಯಾರಾದವು

ಈ ಗಡಿಗಳು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯಾಗಿಲ್ಲ. 1919–1930ರ ಮಿತಿಯು ಬ್ರಿಟನ್ನಿನಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಬಳಕೆಯಿಂದ ಪ್ರಚಾರಕ್ಕೆ ಬಂದಿತು. 1966ರಲ್ಲಿ ಸ್ಥಾಪನೆಯಾದ ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು (ಫೀವಾ) ಕನಿಷ್ಠ 30 ವರ್ಷ ಹಳೆಯದಾದ, ಚಾರಿತ್ರಿಕವಾಗಿ ಸರಿಯಾದ ಸ್ಥಿತಿಯಲ್ಲಿ ಇರಿಸಲಾದ ಹಾಗೂ ದಿನನಿತ್ಯದ ಓಡಾಟಕ್ಕೆ ಬಳಸದ ವಾಹನವನ್ನು ಚಾರಿತ್ರಿಕ ವಾಹನವೆಂದು ಪರಿಗಣಿಸುತ್ತದೆ. ಭಾರತದ ಕಾನೂನಿನಲ್ಲಿ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷಗಳು ಕಳೆದಿರಬೇಕು. ಆದಕಾರಣ 1960ರ ದಶಕದ ಅಂಬಾಸಡರ್ ಕಾರು ಬ್ರಿಟಿಷ್ ಹವ್ಯಾಸಿಗಳ ವಿಂಗಡಣೆಯಂತೆ ಕ್ಲಾಸಿಕ್ ಆದರೂ ಭಾರತೀಯ ನಿಯಮದಂತೆ ವಿಂಟೇಜ್ ಆಗಬಲ್ಲದು.

ತಾಂತ್ರಿಕ ಲಕ್ಷಣಗಳು

ಹಳೆಯ ಕಾರನ್ನು ಮೆಚ್ಚಿಕೊಳ್ಳಲು ಅದರ ಹೊಳಪಿಗಿಂತ ಅದರ ಕಾರ್ಯವಿಧಾನವನ್ನು ತಿಳಿಯುವುದು ಮುಖ್ಯ. ಇಂದಿನ ಕಾರಿನಲ್ಲಿ ಯಂತ್ರವೇ ಮಾಡಿಕೊಳ್ಳುವ ಅನೇಕ ಕೆಲಸಗಳನ್ನು ಅಂದು ಚಾಲಕನೇ ಮಾಡಬೇಕಾಗಿತ್ತು.

ಎಂಜಿನ್ ಚಾಲೂ ಮಾಡಲು ಕಾರಿನ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಲಾಗುತ್ತಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈ ಮುರಿಯುವ ಅಪಾಯವಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿಯು ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಈ ಕಷ್ಟ ಕ್ರಮೇಣ ದೂರವಾಯಿತು. ಇಂಧನಕ್ಕೆ ಕಿಡಿ ತಗಲುವ ಕ್ಷಣವನ್ನು ಹಿಂದುಮುಂದು ಮಾಡಲು ಅನೇಕ ಕಾರುಗಳಲ್ಲಿ ಸ್ಟೇರಿಂಗ್ ಚಕ್ರದ ಬಳಿ ಸಣ್ಣ ಸನ್ನೆಗೋಲು ಇರುತ್ತಿತ್ತು. ಏರು ಹತ್ತುವಾಗ ಎಂಜಿನ್ನಿನ ಸದ್ದನ್ನು ಕಿವಿಯಿಂದ ಆಲಿಸಿ ಅದನ್ನು ಹೊಂದಿಸಬೇಕಾಗಿತ್ತು.

ಗೇರ್ ಬದಲಿಸುವುದೂ ಒಂದು ವಿದ್ಯೆಯೇ ಆಗಿತ್ತು. ಹಲ್ಲುಚಕ್ರಗಳ ವೇಗವನ್ನು ತಾನಾಗಿ ಸಮಗೊಳಿಸುವ ಸಿಂಕ್ರೊಮೆಶ್ ವ್ಯವಸ್ಥೆ ಬಂದದ್ದು 1928ರಲ್ಲಿ. ಅದಕ್ಕೂ ಮೊದಲಿನ ಕಾರುಗಳಲ್ಲಿ ಚಾಲಕನು ಕ್ಲಚ್ಚನ್ನು ಒಮ್ಮೆ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಕೆಳಗಿನ ಗೇರಿಗೆ ಇಳಿಸುವುದಾದರೆ ಆಕ್ಸಿಲರೇಟರ್ ತುಳಿದು ವೇಗ ಹೊಂದಿಸಿ, ಮತ್ತೊಮ್ಮೆ ಕ್ಲಚ್ ಒತ್ತಿ ಗೇರ್ ಹಾಕಬೇಕಾಗಿತ್ತು. ಇದಕ್ಕೆ ಡಬಲ್ ಕ್ಲಚ್ ಎನ್ನುತ್ತಾರೆ. ಲೆಕ್ಕ ತಪ್ಪಿದರೆ ಹಲ್ಲುಚಕ್ರಗಳು ಕರಕರನೆ ಉಜ್ಜಿ ಸವೆಯುತ್ತಿದ್ದವು.

ಬಹುಪಾಲು ಕಾರುಗಳ ಬ್ರೇಕುಗಳು ಕಂಬಿ ಅಥವಾ ತಂತಿಗಳಿಂದ ಎಳೆಯಲ್ಪಡುತ್ತಿದ್ದವು. ನಾಲ್ಕು ಚಕ್ರಗಳಿಗೂ ಹಿಡಿತ ಸಮನಾಗಿ ಬೀಳುವಂತೆ ಆಗಾಗ ಹೊಂದಿಸಬೇಕಾಗಿತ್ತು. ದೇಹದ ಚೌಕಟ್ಟನ್ನು ಮರದಿಂದ ಕಟ್ಟಿ ಮೇಲೆ ಉಕ್ಕಿನ ಅಥವಾ ಅಲ್ಯೂಮಿನಿಯಂ ತಗಡನ್ನು ಹೊದಿಸಲಾಗುತ್ತಿತ್ತು. ಎಂಜಿನ್ನಿನ ಬೇರಿಂಗುಗಳಿಗೆ ಬ್ಯಾಬಿಟ್ ಎಂಬ ಬಿಳಿಲೋಹವನ್ನು ಕರಗಿಸಿ ಎರೆದು, ಬಳಿಕ ಅಳತೆಗೆ ಸರಿಯಾಗಿ ಕೆರೆದು ಕೂರಿಸುತ್ತಿದ್ದರು. ರೋಲ್ಸ್ ರಾಯ್ಸ್‌ನಂತಹ ಕಂಪನಿಗಳು ಎರಡನೆಯ ಮಹಾಯುದ್ಧದವರೆಗೂ ಎಂಜಿನ್ ಸಹಿತವಾದ ಚಾಸಿಯನ್ನು ಮಾತ್ರ ಮಾರುತ್ತಿದ್ದವು. ಕೊಂಡವರು ತಮ್ಮ ಇಷ್ಟದ ದೇಹವನ್ನು ಪ್ರತ್ಯೇಕ ಕಾರ್ಯಾಗಾರಗಳಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಹೀಗಾಗಿ ಒಂದೇ ಮಾದರಿಯ ಎರಡು ಕಾರುಗಳು ಹೊರನೋಟಕ್ಕೆ ಪೂರ್ತಿ ಬೇರೆಯಾಗಿ ಕಾಣುವುದುಂಟು. ಇದಕ್ಕೆ ವ್ಯತಿರಿಕ್ತವಾಗಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಸುಮಾರು 1.5 ಕೋಟಿ ಸಂಖ್ಯೆಯಲ್ಲಿ ಹೊರಬಂದು, ಕಾರನ್ನು ಸಾಮಾನ್ಯ ಜನರ ಕೈಗೆಟಕುವಂತೆ ಮಾಡಿತು.

ಕರ್ನಾಟಕದ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಕಾರುಗಳು ಹಡಗಿನ ಮೂಲಕ ಮುಂಬಯಿ, ಮದರಾಸು, ಕಲಕತ್ತೆಗಳಲ್ಲಿ ಇಳಿಯುತ್ತಿದ್ದವು. ಅರಸರು, ಬ್ರಿಟಿಷ್ ಅಧಿಕಾರಿಗಳು, ತೋಟದ ಮಾಲೀಕರು, ವರ್ತಕರು ಹಾಗೂ ವೈದ್ಯರು ಅವುಗಳ ಮೊದಲ ಗ್ರಾಹಕರು. ಮೈಸೂರು ಅರಮನೆಯ ವಾಹನಗಳಲ್ಲಿ ರೋಲ್ಸ್ ರಾಯ್ಸ್ ಕಾರುಗಳೂ ಇದ್ದವು. 1928ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು ಮುಂಬಯಿಯಲ್ಲಿ ಬಿಡಿಭಾಗಗಳಿಂದ ಕಾರು ಜೋಡಿಸುವ ಕಾರ್ಖಾನೆಯನ್ನು ತೆರೆದ ಮೇಲೆ ಅಮೆರಿಕದ ಕಾರುಗಳು ಹೆಚ್ಚಾಗಿ ದೊರೆಯತೊಡಗಿದವು.

ಕಾರನ್ನು ನಮ್ಮ ನಾಡಿನಲ್ಲಿಯೇ ತಯಾರಿಸಬೇಕೆಂಬ ಯೋಜನೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನವಿತ್ತು. ಅವರು 1930ರ ದಶಕದ ಮಧ್ಯಭಾಗದಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿ, ಅಲ್ಲಿನ ಕಾರ್ಖಾನೆಗಳನ್ನು ಕಂಡು, ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನಕ್ಕೆ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ವಾಲ್‌ಚಂದರು 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು; ಅವರ ಕಾರು ಕಾರ್ಖಾನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಮುಂದೆ ಫಿಯೆಟ್ ಮತ್ತು ಪದ್ಮಿನಿ ಕಾರುಗಳು ಈ ಕಂಪನಿಯಿಂದಲೇ ಬಂದವು. 1942ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯ ಅಂಬಾಸಡರ್ 1957ರಿಂದ 2014ರವರೆಗೆ ತಯಾರಾಯಿತು.

ಕರ್ನಾಟಕದಲ್ಲಿ ತಯಾರಾದ ವಾಹನಗಳೂ ಈಗ ಹವ್ಯಾಸಿಗಳ ಆಸಕ್ತಿಯ ವಸ್ತುಗಳಾಗಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಹಾಗೂ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಬೆಂಗಳೂರಿನ ಸಿಪಾನಿ ಕಂಪನಿಯು 1980ರ ದಶಕದಲ್ಲಿ ಫೈಬರ್ ಗ್ಲಾಸ್ ದೇಹದ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು.

ಹವ್ಯಾಸಿಗಳು

ಹಳೆಯ ಕಾರುಗಳ ಹವ್ಯಾಸಿಗಳಲ್ಲಿ ಹಲವು ಬಗೆಯವರಿದ್ದಾರೆ. ತಾತನ ಕಾಲದಿಂದ ಮನೆಯಲ್ಲಿಯೇ ಉಳಿದು ಬಂದ ಒಂದೇ ಕಾರನ್ನು ಕಾಪಾಡಿಕೊಂಡವರು ಒಂದು ಬಗೆ. ಒಂದೇ ಕಂಪನಿಯ ಅಥವಾ ಒಂದೇ ಕಾಲದ ಕಾರುಗಳನ್ನು ಹುಡುಕಿ ಸಂಗ್ರಹಿಸುವವರು ಮತ್ತೊಂದು ಬಗೆ. ಸ್ವಂತಕ್ಕೆ ಕಾರಿಲ್ಲದಿದ್ದರೂ ಚಾಸಿ ಸಂಖ್ಯೆ, ಹಳೆಯ ಜಾಹೀರಾತು, ಛಾಯಾಚಿತ್ರ, ಕೈಪಿಡಿಗಳನ್ನು ಕಲೆಹಾಕಿ ಕಾರುಗಳ ವಂಶಾವಳಿಯನ್ನು ಬರೆಯುವವರೂ ಇದ್ದಾರೆ. ಒಂದು ಕಾರು ಯಾರ ಕೈಯಿಂದ ಯಾರ ಕೈಗೆ ಬಂದಿತು, ಅದರ ಎಂಜಿನ್ ಮೂಲದ್ದೇ, ಬಣ್ಣ ಯಾವಾಗ ಬದಲಾಯಿತು ಎಂಬುದನ್ನು ತಿಳಿಯಲು ಇಂತಹ ದಾಖಲೆಗಳೇ ಆಧಾರ.

ಮೈಸೂರು ರಾಜ್ಯದ ಹಳೆಯ ವಾಹನಗಳ ನೋಂದಣಿ ಸಂಖ್ಯೆಗಳಲ್ಲಿ ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ಸರಣಿಗಳಿದ್ದವು. ಇಂದಿನ ‘ಕೆಎ’ ಸರಣಿ ಬಂದದ್ದು 1988ರ ಮೋಟಾರು ವಾಹನ ಕಾಯಿದೆಯ ತರುವಾಯ. ಅದರಲ್ಲಿ ದಾವಣಗೆರೆಯ ಸಂಖ್ಯೆ 17. ಹಳೆಯ ಸಂಖ್ಯಾಫಲಕವನ್ನು ಉಳಿಸಿಕೊಂಡ ಕಾರಿಗೆ ಹವ್ಯಾಸಿಗಳಲ್ಲಿ ವಿಶೇಷ ಬೆಲೆಯಿದೆ; ಅದು ಆ ಕಾರು ಈ ನಾಡಿನಲ್ಲಿಯೇ ಬಾಳಿತೆಂಬುದಕ್ಕೆ ಸಾಕ್ಷಿ.

ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಕಾರ್ಯನಿರ್ವಹಿಸುತ್ತಿದೆ. ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳ ಅಭಿಮಾನಿಗಳು ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಂತರರಾಷ್ಟ್ರೀಯ ಜಾವಾ ದಿನವಾಗಿ ಆಚರಿಸುತ್ತಾರೆ.

ಪುನಶ್ಚೇತನ ಮತ್ತು ಮೂಲ ಸ್ವರೂಪದ ಪ್ರಶ್ನೆ

ಹಳೆಯ ಕಾರಿನ ಕೆಲಸದಲ್ಲಿ ಎರಡು ದಾರಿಗಳಿವೆ. ಇದ್ದುದನ್ನು ಇದ್ದಂತೆಯೇ ಉಳಿಸಿ, ಮುಂದಿನ ಹಾನಿಯನ್ನು ಮಾತ್ರ ತಡೆಯುವುದು ಸಂರಕ್ಷಣೆ. ಕಳಚಿ, ಸವೆದ ಭಾಗಗಳನ್ನು ಬದಲಿಸಿ, ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ತರುವುದು ಪುನಶ್ಚೇತನ. ಎರಡನೆಯ ದಾರಿ ಕಣ್ಣಿಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಆದರೆ ಹಳೆಯ ಬಣ್ಣವನ್ನು ಒಮ್ಮೆ ಕೆರೆದು ತೆಗೆದರೆ, ಮೊದಲ ಚರ್ಮದ ಹೊದಿಕೆಯನ್ನು ಒಮ್ಮೆ ಕಿತ್ತೆಸೆದರೆ ಅವು ಹೇಳಬಹುದಾಗಿದ್ದ ಚರಿತ್ರೆ ಮರಳಿ ಬಾರದು.

ಈ ಚರ್ಚೆಗೆ ಒಂದು ಸಾಮಾನ್ಯ ನೆಲೆಯನ್ನು ಒದಗಿಸಲು ಫೀವಾ ಸಂಸ್ಥೆಯು 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಇದಕ್ಕೆ ಮಾದರಿಗಳಲ್ಲಿ ಒಂದು. ವಾಹನವೂ ಸಾಂಸ್ಕೃತಿಕ ಪರಂಪರೆಯ ಭಾಗ. ಅದರಲ್ಲಿ ಮಾಡುವ ಬದಲಾವಣೆ ಕನಿಷ್ಠವಾಗಿರಬೇಕು. ಮಾಡಿದ ಕೆಲಸವನ್ನು ದಾಖಲಿಸಬೇಕು. ವಾಹನವನ್ನು ಬಳಕೆಯಲ್ಲಿ ಇರಿಸುವುದು ಅದರ ಉಳಿವಿಗೆ ಅಗತ್ಯ ಎಂಬುದು ಈ ಸನ್ನದಿನ ಸಾರ.

ಬಳಕೆಯ ಮಾತು ವಿಶೇಷವಾಗಿ ಗಮನಾರ್ಹ. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಸೀಲುಗಳು ಒಣಗಿ ಬಿರಿಯುತ್ತವೆ, ಟೈರುಗಳು ಒಂದೇ ಕಡೆ ಚಪ್ಪಟೆಯಾಗುತ್ತವೆ, ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಮಳೆಗಾಲದ ತೇವ ಮರದ ಚೌಕಟ್ಟಿಗೂ ಉಕ್ಕಿನ ತಗಡಿಗೂ ಶತ್ರು. ಸೌದೆ, ಹುಲ್ಲುಗಳ ಜೊತೆಗೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿಗೆ ಇಲಿ, ಗೆದ್ದಲುಗಳ ಕಾಟವೂ ತಪ್ಪಿದ್ದಲ್ಲ.

ದಾವಣಗೆರೆ ಮತ್ತು ಹರಿಹರ

ಪುಣೆ–ಬೆಂಗಳೂರು ಹೆದ್ದಾರಿಯು ದಾವಣಗೆರೆ, ಹರಿಹರಗಳ ಮೂಲಕ ಸಾಗುತ್ತದೆ. ಊರೊಳಗಿನ ಹಳೆಯ ಹೆದ್ದಾರಿ ಇಂದಿಗೂ ಪಿ.ಬಿ. ರಸ್ತೆ ಎಂಬ ಹೆಸರಿನಿಂದಲೇ ಜನಜನಿತ. ಹರಿಹರದಲ್ಲಿ ತುಂಗಭದ್ರಾ ನದಿಗೆ 1868ರಲ್ಲಿ ಪೂರ್ಣಗೊಂಡ ಸೇತುವೆ ಮೈಸೂರು ಸಂಸ್ಥಾನವನ್ನೂ ಮುಂಬಯಿ ಪ್ರಾಂತ್ಯವನ್ನೂ ಜೋಡಿಸುತ್ತಿತ್ತು. ಎತ್ತಿನ ಗಾಡಿಗಳ ಕಾಲದಲ್ಲಿ ಕಟ್ಟಿದ ಈ ಮಾರ್ಗದಲ್ಲಿಯೇ ಮುಂದೆ ಮೋಟಾರು ವಾಹನಗಳ ಸಂಚಾರ ಬೆಳೆಯಿತು. ಹೆದ್ದಾರಿಯ ಪಟ್ಟಣಗಳಲ್ಲಿ ಗ್ಯಾರೇಜುಗಳು, ಲಾರಿಗಳ ದುರಸ್ತಿ, ತಗಡಿನ ಕೆಲಸ, ಸೀಟು ಹೊಲಿಯುವ ಅಂಗಡಿಗಳು ಹುಟ್ಟಿಕೊಂಡವು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಯ ಪ್ರದೇಶಕ್ಕೆ ಯಂತ್ರಪುರ ಎಂಬ ಹೆಸರು ಬಂದಿತು. ಇಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಅನೇಕ ಕಾರ್ಯಾಗಾರಗಳಿಗೂ ತಾಂತ್ರಿಕ ತರಬೇತಿ ಸಂಸ್ಥೆಗಳಿಗೂ ಹೋದವು. ಕಾರ್ಖಾನೆಯು ಮುಂದೆ ಮುಚ್ಚಿಹೋಯಿತು. ಅದರ ಲೇತ್‌ಗಳು ಮಾತ್ರ ಹಲವು ಕಾರ್ಯಾಗಾರಗಳಲ್ಲಿ ಇನ್ನೂ ತಿರುಗುತ್ತಿವೆ.

ಹಳೆಯ ಕಾರಿಗೂ ಲೇತ್‌ಗೂ ಇರುವ ಸಂಬಂಧ ನೇರವಾದುದು. ತೊಂಬತ್ತು ವರ್ಷ ಹಳೆಯ ಕಾರಿನ ಬುಷ್, ಪಿನ್ ಅಥವಾ ಆ್ಯಕ್ಸಲ್ ಸವೆದರೆ ಅಂಗಡಿಯಲ್ಲಿ ಹೊಸದು ಸಿಗುವುದು ಅಪರೂಪ. ಉಳಿದ ತುಂಡಿನಿಂದ ಮೂಲ ಅಳತೆಯನ್ನು ಊಹಿಸಿ, ತಕ್ಕ ಲೋಹವನ್ನು ಆರಿಸಿ, ಅಂಗುಲದ ಸಾವಿರದಲ್ಲೊಂದು ಭಾಗದ ನಿಖರತೆಯಲ್ಲಿ ತಿರುಗಿಸಿ ತೆಗೆಯಬಲ್ಲ ಟರ್ನರ್ ಬೇಕು. ಬ್ರಿಟಿಷ್ ಕಾರುಗಳ ಬೋಲ್ಟುಗಳ ಮರೆ ಇಂದಿನ ಮೆಟ್ರಿಕ್ ಮರೆಗೆ ಹೊಂದುವುದಿಲ್ಲ. ಅದನ್ನೂ ಲೇತ್‌ನಲ್ಲಿಯೇ ಕತ್ತರಿಸಬೇಕು. ಒಡೆದ ಎರಕದ ಭಾಗಕ್ಕೆ ಮರದ ಅಚ್ಚು ಮಾಡುವವನು, ಮರಳಿನಲ್ಲಿ ಎರಕ ಹೊಯ್ಯುವವನು, ತಗಡನ್ನು ಬಡಿದು ಮಡ್‌ಗಾರ್ಡಿನ ಬಾಗು ತರುವವನು ಬೇರೆ ಬೇರೆ ಕಸುಬಿನವರು. ರ‍್ಯಾಲಿಯಲ್ಲಿ ಕಾರಿನ ಜೊತೆಗೆ ನಿಲ್ಲುವವನು ಒಡೆಯ. ಅದನ್ನು ನಿಲ್ಲುವಂತೆ ಮಾಡಿದವರು ಇವರು.

ಹರಿಹರ ತಾಲ್ಲೂಕಿನ ಕೊಕ್ಕನೂರಿನಂತಹ ಹಳ್ಳಿಗಳ ದೃಷ್ಟಿಯಿಂದ ನೋಡಿದರೆ ವಾಹನ ಪರಂಪರೆಯ ಅರ್ಥ ಇನ್ನಷ್ಟು ವಿಸ್ತಾರವಾಗುತ್ತದೆ. ಗ್ರಾಮಾಂತರದ ಮೋಟಾರು ಚರಿತ್ರೆ ಐಷಾರಾಮಿ ಕಾರುಗಳದ್ದಲ್ಲ. ಅದು ಜೀಪು, ಟ್ರ್ಯಾಕ್ಟರು, ಲಾರಿ, ಬಾಡಿಗೆಯ ಅಂಬಾಸಡರ್ ಹಾಗೂ ಮೋಟಾರ್ ಸೈಕಲ್ಲುಗಳದ್ದು. ಭತ್ತದ ಸುಗ್ಗಿಗೆ, ಮದುವೆಯ ದಿಬ್ಬಣಕ್ಕೆ, ಹೆರಿಗೆಗೆ ಆಸ್ಪತ್ರೆಯ ದಾರಿಗೆ ನೆರವಾದ ಇಂತಹ ವಾಹನಗಳನ್ನು ಗುಜರಿಗೆ ಹಾಕುವುದೇ ವಾಡಿಕೆ. ಹೆಚ್ಚು ಸಂಖ್ಯೆಯಲ್ಲಿ ಇದ್ದವೆಂಬ ಕಾರಣಕ್ಕೇ ಅವುಗಳನ್ನು ಉಳಿಸುವ ಯೋಚನೆ ತಡವಾಗಿ ಬರುತ್ತದೆ.

ಸಂಗ್ರಹಾಲಯಗಳು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಕ್ಷೇತ್ರದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ರೂಪುಗೊಂಡ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಇಲ್ಲಿನ ಹಳೆಯ ಕಾರುಗಳ ಸಂಗ್ರಹವು ಯಾತ್ರಿಕರಿಗೆ ಚಿರಪರಿಚಿತ. ಮಹಾತ್ಮ ಗಾಂಧಿಯವರು ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಬಳಸಿದ್ದೆಂದು ಹೇಳಲಾಗುವ ಸ್ಟುಡ್‌ಬೇಕರ್ ಕಾರು ಈ ಸಂಗ್ರಹದ ಪ್ರಸಿದ್ಧ ವಾಹನಗಳಲ್ಲಿ ಒಂದು. ಮೈಸೂರು–ಬೆಂಗಳೂರು ರಸ್ತೆಯಲ್ಲಿ, ಶ್ರೀರಂಗಪಟ್ಟಣದ ಬಳಿ, ಹೆಗ್ಗಡೆಯವರ ಸಂಗ್ರಹದ ವಾಹನಗಳಿಗಾಗಿ ‘ಪಯಣ’ ಎಂಬ ಪ್ರತ್ಯೇಕ ಸಂಗ್ರಹಾಲಯವು 2023ರಲ್ಲಿ ಆರಂಭವಾಯಿತು.

ನೆರೆರಾಜ್ಯ ತಮಿಳುನಾಡಿನ ಕೊಯಮತ್ತೂರಿನಲ್ಲಿ ಜೀಡಿ ಕಾರು ಸಂಗ್ರಹಾಲಯ, ಗುಜರಾತಿನ ಅಹಮದಾಬಾದ್ ಸಮೀಪದ ಕಠವಾಡದಲ್ಲಿ ಆಟೊ ವರ್ಲ್ಡ್, ಹರಿಯಾಣದ ತಾವಡುವಿನಲ್ಲಿ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇವೆ.

ರ‍್ಯಾಲಿಗಳು ಮತ್ತು ಪ್ರದರ್ಶನಗಳು

ಲಂಡನ್ನಿನಿಂದ ಬ್ರೈಟನ್‌ವರೆಗಿನ ವೆಟರನ್ ಕಾರುಗಳ ಓಟವು ಈ ಬಗೆಯ ಕಾರ್ಯಕ್ರಮಗಳಲ್ಲಿ ಹಳೆಯದು. 1896ರಲ್ಲಿ ಮೋಟಾರು ವಾಹನಗಳ ಮೇಲಿನ ಕಠಿಣ ವೇಗಮಿತಿ ಸಡಿಲವಾದ ಸಂಭ್ರಮದಲ್ಲಿ ಅದು ಮೊದಲ ಬಾರಿಗೆ ನಡೆಯಿತು. 1927ರಿಂದ ಅದರ ನೆನಪಿಗಾಗಿ ನಡೆಯುತ್ತಿದೆ. ಭಾರತದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿಯು ದೆಹಲಿಯಲ್ಲಿ 1964ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಕೆಲವು ವರ್ಷ ದಸರಾ ಸಂದರ್ಭದಲ್ಲಿಯೂ ಹಳೆಯ ಕಾರುಗಳು ಸಾಲಾಗಿ ಸಾಗಿವೆ.

ವಿಂಟೇಜ್ ರ‍್ಯಾಲಿ ಸಾಮಾನ್ಯವಾಗಿ ವೇಗದ ಪಂದ್ಯವಲ್ಲ. ನಿಗದಿತ ದೂರವನ್ನು ಕೆಡದೆ ಕ್ರಮಿಸುವುದು, ಮೂಲ ಭಾಗಗಳನ್ನು ಉಳಿಸಿಕೊಂಡಿರುವುದು, ಅಚ್ಚುಕಟ್ಟು ಮೊದಲಾದವುಗಳಿಗೆ ತೀರ್ಪುಗಾರರು ಅಂಕ ನೀಡುತ್ತಾರೆ. ಕಾರಿನ ಕಾಲಕ್ಕೆ ತಕ್ಕ ಉಡುಪು ಧರಿಸಿ ಬರುವುದೂ ರೂಢಿಯಲ್ಲಿದೆ. ನೋಡುವವರು ಒಡೆಯರ ಅನುಮತಿಯಿಲ್ಲದೆ ಕಾರನ್ನು ಮುಟ್ಟಬಾರದು, ಒರಗಬಾರದು. ಉಂಗುರ, ಬೆಲ್ಟುಗಳ ಗೀರು ಹಳೆಯ ಬಣ್ಣಕ್ಕೆ ಮಾಯದ ಗಾಯ. ಪ್ರಶ್ನೆ ಕೇಳುವವರನ್ನು ಮಾತ್ರ ಹೆಚ್ಚಿನ ಒಡೆಯರು ಸಂತೋಷದಿಂದಲೇ ಕಾಣುತ್ತಾರೆ.

ಕಾನೂನು

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ಕ್ರಮವನ್ನು ರೂಪಿಸಿತು. ಅದರ ಮುಖ್ಯ ಅಂಶಗಳು ಇಂತಿವೆ:

- ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ಅನ್ವಯ. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು. ಮೂಲ ಸ್ವರೂಪ ಉಳಿದಿರಬೇಕು.
- ಈಗಾಗಲೇ ನೋಂದಣಿಯಾದ ವಾಹನವು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೊಸ ನೋಂದಣಿಗೆ ರಾಜ್ಯದ ಸಂಕೇತದ ಬಳಿಕ ‘ವಿಎ’ ಅಕ್ಷರಗಳಿರುವ ಸಂಖ್ಯೆ ದೊರೆಯುತ್ತದೆ.
- ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ನೋಂದಣಿಯ ಅವಧಿ 10 ವರ್ಷ.
- ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಳಿಗಾಗಿ ರಸ್ತೆಯಲ್ಲಿ ಓಡಿಸಬಹುದು. ನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವುದನ್ನು ಪ್ರೋತ್ಸಾಹಿಸುವ ನೀತಿಯೂ ಇದೇ ಕಾಲದಲ್ಲಿ ಬಂದಿದ್ದರಿಂದ, ಪರಂಪರೆಯ ವಾಹನಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಅಗತ್ಯವಾಯಿತು.

ಸವಾಲುಗಳು

ಇಂಧನದ ಬದಲಾವಣೆ ಒಂದು ತಾಂತ್ರಿಕ ಸವಾಲು. ಭಾರತದಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು. ಸೀಸವು ಹಳೆಯ ಎಂಜಿನ್ನುಗಳ ಕವಾಟದ ಪೀಠಗಳಿಗೆ ರಕ್ಷಣೆಯಾಗಿತ್ತು. ಈಗ ಗಟ್ಟಿಯಾದ ಪೀಠಗಳನ್ನು ಅಳವಡಿಸಬೇಕಾಗಬಹುದು. ಎಥನಾಲ್ ಮಿಶ್ರಿತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನೂ ಬಿರಟೆಯ ಗ್ಯಾಸ್ಕೆಟ್ಟುಗಳನ್ನೂ ಕೆಡಿಸುತ್ತದೆ. ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಓಡಾಟವಿಲ್ಲದ ತಿಂಗಳುಗಳಲ್ಲಿ ಟ್ಯಾಂಕನ್ನು ಬರಿದು ಮಾಡುವುದು ಹವ್ಯಾಸಿಗಳು ಅನುಸರಿಸುವ ಕ್ರಮ.

ಇದಕ್ಕಿಂತ ದೊಡ್ಡ ಸವಾಲು ಕೌಶಲದ ಕೊರತೆ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಇಂದಿನ ದುರಸ್ತಿಗಾರನಿಗೆ ಮ್ಯಾಗ್ನೆಟೊ, ಬ್ಯಾಬಿಟ್ ಬೇರಿಂಗುಗಳ ಪರಿಚಯವಾಗುವ ಸಂದರ್ಭವೇ ಬರುವುದಿಲ್ಲ. ಅದನ್ನು ಬಲ್ಲ ಮೇಸ್ತ್ರಿಗಳು ಬಹುಪಾಲು ವಯೋವೃದ್ಧರು. ಅವರ ವಿದ್ಯೆ ಪುಸ್ತಕದಲ್ಲಿಲ್ಲ. ಗ್ಯಾರೇಜಿನಲ್ಲಿ ಗುರುವಿನ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತು ಕಲಿತದ್ದು. ಇಂತಹ ಕೆಲಸಗಳನ್ನು ಹಂತಹಂತವಾಗಿ ಛಾಯಾಚಿತ್ರ, ಚಲನಚಿತ್ರ ಹಾಗೂ ಕನ್ನಡದ ಟಿಪ್ಪಣಿಗಳಲ್ಲಿ ದಾಖಲಿಸುವುದು, ತಾಂತ್ರಿಕ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳನ್ನು ಪುನಶ್ಚೇತನದ ಕೆಲಸಗಳಲ್ಲಿ ತೊಡಗಿಸುವುದು ಸಾಧ್ಯವಿರುವ ದಾರಿಗಳು. ಹಳೆಯ ನೋಂದಣಿ ಪುಸ್ತಕ, ತೆರಿಗೆಯ ಚೀಟಿ, ಖರೀದಿಯ ರಸೀದಿ, ಮನೆಯ ಮುಂದೆ ಕಾರಿನೊಡನೆ ತೆಗೆಸಿದ ಕುಟುಂಬದ ಚಿತ್ರ ಇವುಗಳಿಗೂ ದಾಖಲೆಯ ಬೆಲೆಯಿದೆ. ವಾಹನವನ್ನು ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಇಂತಹ ಕಾಗದಗಳನ್ನು ಎಸೆಯದೆ ಉಳಿಸಿಕೊಂಡರೆ, ಒಂದು ಊರಿನಲ್ಲಿ ಮೋಟಾರು ವಾಹನ ಹೇಗೆ ಬಂದಿತು, ಯಾರಿಗೆ ಸೇವೆ ಸಲ್ಲಿಸಿತು ಎಂಬುದನ್ನು ಮುಂದಿನವರು ಬರೆಯಲು ಆಧಾರ ದೊರೆಯುತ್ತದೆ.